ಮಾರ್ಕ್ ಕೂತಿದೆ ಅಂತಾರೆ, ಪಿಕಪ್ ಮಾತ್ರ ಇಲ್ಲ: ಟೈಮಿಂಗ್ ಸರಿ ಇದೆಯಾ ಅಂತ ನೋಡೋದು ಹೇಗೆ?

ಪ್ರಶ್ನೆ: ಸರ್, ನಮ್ಮನೇಲಿ 1998ರ ಮಾರುತಿ 800 ಇದೆ, ಕಾರ್ಬುರೇಟರ್ ಗಾಡಿ, ಅಪ್ಪ ತಗೊಂಡಿದ್ದು ಅಂತ ಕೊಡೋಕೆ ಮನಸ್ಸಿಲ್ಲ. ಎರಡು ತಿಂಗ್ಳ ಹಿಂದೆ ಟೈಮಿಂಗ್ ಬೆಲ್ಟ್ ಹಾಕಿಸ್ದೆ. ಅವತ್ತಿಂದ ಪಿಕಪ್ ಹೋಗಿದೆ, ಶಿರಾಡಿ ಘಾಟಲ್ಲಿ ಮೂರನೇ ಗೇರಲ್ಲಿ ಹತ್ತುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಸ್ಬೇಕು. ವಾಪಸ್ ತಗೊಂಡು ಹೋದಾಗ ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರ್ ಸ್ವಲ್ಪ ತಿರುಗಿಸಿ "ಟೈಮಿಂಗ್ ಕೊಟ್ಟಿದೀನಿ" ಅಂದ್ರು, ಒಂಚೂರು ಸುಧಾರಿಸ್ತು, ಆದ್ರೆ ಮೊದಲಿನಂಗಿಲ್ಲ. ಮಾರ್ಕ್ (ಬೆಲ್ಟ್ ಹಾಕುವಾಗ ತಾಳೆ ನೋಡೋ ಗುರುತು) ಎಲ್ಲ ಕರೆಕ್ಟಾಗಿ ಕೂತಿದೆ ಅಂತ್ಲೇ ಹೇಳ್ತಾರೆ. ನಿಜವಾಗ್ಲೂ ಸರಿ ಇದೆಯಾ ಅಂತ ನಾನೇ ಚೆಕ್ ಮಾಡೋಕಾಗುತ್ತಾ? (ಹಾಸನದ ಓದುಗರು)

ಉತ್ತರ: ಆಗುತ್ತೆ, ಅರ್ಧ ದಿನ ಬಿಡುವು ಮಾಡ್ಕೊಂಡ್ರೆ ಸಾಕು. ನೀವು ಬರೆದಿರೋದು ಓದಿದ್ರೆ ನನಗೆ ಅನುಮಾನ ಬರೋದು ಬೆಲ್ಟ್ ಒಂದು ಹಲ್ಲು ಹಿಂದೆ ಕೂತಿರ್ಬೇಕು ಅಂತ, ಆಮೇಲೆ ಅದನ್ನ ಡಿಸ್ಟ್ರಿಬ್ಯೂಟರ್ ತಿರುಗಿಸಿ ಮುಚ್ಚಿದಾರೆ. ಆದ್ರೆ ಅನುಮಾನ ಅನ್ನೋದು ಅನುಮಾನವೇ, ನೋಡದೆ ಮೆಕ್ಯಾನಿಕ್ ಮೇಲೆ ಹೋಗ್ಬೇಡಿ. ಹೇಗೆ ನೋಡೋದು ಅಂತ ಹೇಳ್ತೀನಿ.

ಮೊದ್ಲು ಒಂದು ಗೊಂದಲ ಬಿಡಿಸ್ಕೊಬೇಕು. ಗ್ಯಾರೇಜಲ್ಲಿ "ಟೈಮಿಂಗ್" ಅನ್ನೋ ಒಂದೇ ಪದ ಎರಡು ಬೇರೆ ಬೇರೆ ವಿಷ್ಯಕ್ಕೆ ಓಡುತ್ತೆ. ಒಂದು ವಾಲ್ವ್ ಟೈಮಿಂಗ್, ಅಂದ್ರೆ ಪಿಸ್ಟನ್ ಎಲ್ಲಿದ್ದಾಗ ವಾಲ್ವ್ ತೆಗೀಬೇಕು ಮುಚ್ಚಬೇಕು ಅನ್ನೋದು, ಅದು ಬೆಲ್ಟ್ ಕೈಲಿರೋದು. ಇನ್ನೊಂದು ಇಗ್ನಿಷನ್ ಟೈಮಿಂಗ್, ಪ್ಲಗ್‌ನಲ್ಲಿ ಕಿಡಿ ಯಾವಾಗ ಹಾರಬೇಕು ಅನ್ನೋದು, ಅದು ನಿಮ್ಮ ಗಾಡೀಲಿ ಡಿಸ್ಟ್ರಿಬ್ಯೂಟರ್ ಕೆಲಸ. ಎಡವಟ್ಟಾಗೋದು ಎಲ್ಲಿ ಅಂದ್ರೆ 800ರಲ್ಲಿ ಡಿಸ್ಟ್ರಿಬ್ಯೂಟರ್ ತಿರುಗೋದೇ ಕ್ಯಾಮ್ ಶಾಫ್ಟ್ (ವಾಲ್ವ್‌ಗಳನ್ನ ತೆಗೆದು ಮುಚ್ಚೋ ಶಾಫ್ಟ್) ತುದಿಯಿಂದ. ಹಾಗಾಗಿ ಬೆಲ್ಟ್ ಒಂದು ಹಲ್ಲು ತಪ್ಪಿದ್ರೆ ವಾಲ್ವೂ ಲೇಟು, ಕಿಡೀನೂ ಲೇಟು, ಎರಡೂ ಒಟ್ಟಿಗೆ ಹಾಳು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್) ಎರಡು ಸುತ್ತು ಹಾಕಿದಾಗ ಕ್ಯಾಮ್ ಒಂದು ಸುತ್ತು, ಅದಕ್ಕೇ ಕ್ಯಾಮ್ ಸ್ಪ್ರಾಕೆಟ್‌ಗೆ, ಅಂದ್ರೆ ಬೆಲ್ಟ್ ಕೂರೋ ಹಲ್ಲಿನ ಚಕ್ರಕ್ಕೆ, ಯಾವಾಗ್ಲೂ ಡಬಲ್ ಹಲ್ಲು ಇರುತ್ತೆ. ಲೆಕ್ಕಕ್ಕೆ ಕ್ರ್ಯಾಂಕ್‌ದು 20, ಕ್ಯಾಮ್‌ದು 40 ಅಂತ ಇಟ್ಕೊಳ್ಳಿ, ಆಗ ಒಂದು ಹಲ್ಲು ಅಂದ್ರೆ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ. ಕಾರ್ಬುರೇಟರ್ ಪೆಟ್ರೋಲ್ ಗಾಡಿಗಳಿಗೆ ಐಡ್ಲಿಂಗಲ್ಲಿ ಕೊಡೋ ಅಡ್ವಾನ್ಸೇ (ಪಿಸ್ಟನ್ ತುದಿ ಮುಟ್ಟೋಕೆ ಎಷ್ಟು ಮುಂಚೆ ಕಿಡಿ ಹಾರುತ್ತೆ ಅನ್ನೋದು) ಸಾಮಾನ್ಯವಾಗಿ 5ರಿಂದ 10 ಡಿಗ್ರಿ, ಅದರ ಮುಂದೆ 18 ಎಷ್ಟು ದೊಡ್ಡದು ನೋಡಿ.

ಈಗ ಡಿಸ್ಟ್ರಿಬ್ಯೂಟರ್ ಬಾಡಿ 9 ಡಿಗ್ರಿ ತಿರುಗಿಸಿದ್ರೆ (ಅದು ಕ್ಯಾಮ್ ವೇಗದಲ್ಲಿ ಓಡೋದ್ರಿಂದ 9 ಸಾಕು, ಕ್ರ್ಯಾಂಕ್ ಲೆಕ್ಕಕ್ಕೆ 18 ಆಗುತ್ತೆ) ಕಿಡಿ ಸರಿ ಹೋಯ್ತು. ವಾಲ್ವ್? ಅದು ಲೇಟಾಗೇ ಉಳೀತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ ಅದೇ ಕಥೆ. "ಒಂಚೂರು ಸುಧಾರಿಸ್ತು, ಪೂರ್ತಿ ಇಲ್ಲ" ಅಂತ ನೀವು ಬರೆದ್ರಲ್ಲ, ನನ್ನ ಕಿವಿ ನೆಟ್ಟಗಾಗಿದ್ದು ಆ ಮಾತಿಗೆ.

ಹಂಗಾಗಿ ಸ್ಪ್ಯಾನರ್ ಎತ್ಕೊಳ್ಳೋಕೆ ಮುಂಚೆ ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರ್ ಹಿಡಿದಿರೋ ಬೋಲ್ಟ್ ನೋಡಿ. ಅದು ಉದ್ದನೆ ಸೀಳಿನಂಥ ಸ್ಲಾಟ್ ಒಳಗೆ ಕೂತಿರುತ್ತೆ, ಬಾಡಿ ಆಚೆ ಈಚೆ ತಿರುಗಿಸೋಕೆ ಅಂತ ಕೊಟ್ಟಿರೋ ಜಾಗ ಅದು. ಸರಿ ಇರೋ ಗಾಡೀಲಿ ಬೋಲ್ಟ್ ಸ್ಲಾಟ್‌ನ ನಡುಭಾಗದ ಹತ್ರ ಎಲ್ಲೋ ಇರುತ್ತೆ. ಒಂದು ತುದಿಗೆ ಹೋಗಿ ತಗುಲಿದ್ರೆ ಬೆಲ್ಟ್ ತಪ್ಪಿದೆ, ಇಲ್ಲ ಡಿಸ್ಟ್ರಿಬ್ಯೂಟರ್ ಬಿಚ್ಚಿ ಹಾಕುವಾಗ ತಪ್ಪಾಗಿ ಕೂರಿಸಿದಾರೆ ಅನ್ನೋ ಸಂಶಯ ಗಟ್ಟಿ ಆಗುತ್ತೆ. ಬಾಡಿ ಮೇಲೆ ಹಳೇ ಧೂಳು ಎಣ್ಣೆ ಗೆರೆ ಕೂತಿರುತ್ತೆ, ಮೊದ್ಲು ಬೋಲ್ಟ್ ವಾಷರ್ ಎಲ್ಲಿತ್ತು ಅಂತ ಅದರಲ್ಲೇ ಗೊತ್ತಾಗುತ್ತೆ, ಹಳೇ ಜಾಗ ಹೊಳೀತಾ ಇರುತ್ತೆ. ಈ ಒಂದು ನೋಟಕ್ಕೆ ದುಡ್ಡೂ ಬೇಡ ಟೂಲೂ ಬೇಡ. ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಆಮೇಲೆ ಟೈಮಿಂಗ್ ನೋಡೋಕೆ ಮುಂಚೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು), ಪ್ಲಗ್ ಗ್ಯಾಪ್ ಸರಿ ಮಾಡ್ಕೊಳ್ಳಿ, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಸ್ವಿಚ್) ಇರೋ ಡಿಸ್ಟ್ರಿಬ್ಯೂಟರ್ ಆದ್ರೆ ಪಾಯಿಂಟ್ ಗ್ಯಾಪೂ. ಪಾಯಿಂಟ್ ಗ್ಯಾಪ್ ಬದಲಾದ್ರೆ ಟೈಮಿಂಗ್ ತಾನಾಗೇ ಬದಲಾಗುತ್ತೆ, ಅದಕ್ಕೆ ಗ್ಯಾಪ್ ಮೊದ್ಲು ಟೈಮಿಂಗ್ ಆಮೇಲೆ, ಉಲ್ಟಾ ಮಾಡಿದ್ರೆ ಎರಡು ಸಲ ಕೆಲಸ.

ಈಗ ಟೈಮಿಂಗ್ ಲೈಟ್. ಪಿಸ್ತೂಲ್ ಥರ ಇರುತ್ತೆ, ಎರಡು ಕ್ಲಿಪ್ ಬ್ಯಾಟರಿಗೆ, ಒಂದು ಕ್ಲ್ಯಾಂಪ್ ಒಂದನೇ ಪ್ಲಗ್ ವೈರಿಗೆ, ಕ್ಲ್ಯಾಂಪ್ ಮೇಲೆ ಬಾಣದ ಗುರುತು ಇದ್ರೆ ಅದು ಪ್ಲಗ್ ಕಡೆ ಮುಖ ಮಾಡಿರ್ಬೇಕು. ಒಂದನೇ ಪ್ಲಗ್‌ಗೆ ಕಿಡಿ ಹೋದಾಗೆಲ್ಲ ಇದು ಒಂದು ಸಲ ಫ್ಲ್ಯಾಶ್ ಹೊಡಿಯುತ್ತೆ. ಮಾರ್ಕ್ ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಪುಲ್ಲಿ ಮೇಲೆ, ಕೆಲವಕ್ಕೆ ಗೇರ್‌ಬಾಕ್ಸ್ ಹೌಸಿಂಗ್‌ನಲ್ಲಿರೋ ಸಣ್ಣ ಕಿಂಡಿಯ ರಬ್ಬರ್ ಬಿರಡೆ ತೆಗೆದ್ರೆ ಫ್ಲೈವೀಲ್ ಮೇಲೆ ಕಾಣುತ್ತೆ. ಎಂಜಿನ್ ಪೂರ್ತಿ ಬಿಸಿ ಆಗಿರ್ಬೇಕು, ಚೋಕ್ ಆಫ್, ಹೆಡ್‌ಲೈಟ್ ಎಸಿ ಎಲ್ಲ ಆಫ್, ಆರ್‌ಪಿಎಂ ಮ್ಯಾನ್ಯುಯಲ್ ಹೇಳಿದಷ್ಟು. ಆರ್‌ಪಿಎಂ ಜಾಸ್ತಿ ಇದ್ರೆ ಡಿಸ್ಟ್ರಿಬ್ಯೂಟರ್ ಒಳಗಿನ ವೇಟ್‌ಗಳು ಆಗ್ಲೇ ಅರಳಿ ಅಡ್ವಾನ್ಸ್ ಕೊಡೋಕೆ ಶುರು ಮಾಡಿರ್ತಾವೆ, ನೀವು ನೋಡೋ ನಂಬರ್ ಸುಳ್ಳಾಗುತ್ತೆ. ವ್ಯಾಕ್ಯೂಮ್ ಪೈಪ್ (ಎಂಜಿನ್ ಎಳೆತದಿಂದ ಡಿಸ್ಟ್ರಿಬ್ಯೂಟರ್‌ಗೆ ಅಡ್ವಾನ್ಸ್ ಕೊಡಿಸೋ ಪೈಪ್) ಬಿಚ್ಚಿ ಬಾಯಿ ಮುಚ್ಚಿ ನೋಡ್ಬೇಕಾ ಬೇಡ್ವಾ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಮ್ಯಾನ್ಯುಯಲ್ ಹೇಳಿದ್ದೇ ಕೇಳಿ.

ಫ್ಲ್ಯಾಶ್ ಬಿದ್ದಾಗ ತಿರುಗ್ತಿರೋ ಪುಲ್ಲಿ ನಿಂತಂಗೆ ಕಾಣುತ್ತೆ. ಮೊದಲ ಸಲ ನೋಡಿದವರಿಗೆ ಇದು ಮ್ಯಾಜಿಕ್ಕೇ, ಹಂಗೇ ಅಪಾಯಾನೂ ಹೌದು, ಯಾಕಂದ್ರೆ ಬೆಲ್ಟೂ ಪುಲ್ಲೀನೂ ನಿಂತಿದೆ ಅಂತ ಕಣ್ಣು ಹೇಳುತ್ತೆ, ಕೈ ಅದನ್ನ ನಂಬಿ ಬಿಡುತ್ತೆ. ತುಂಬು ತೋಳಿನ ಶರ್ಟು, ಕುತ್ತಿಗೆಗೆ ಸುತ್ತಿದ ಟವೆಲ್ಲು, ಜೋತಾಡೋ ವೈರು, ಯಾವುದೂ ಆ ಕಡೆ ಸುಳೀಬಾರ್ದು. ನಿಮ್ಮ ಗಾಡೀಲಿ ರೇಡಿಯೇಟರ್ ಫ್ಯಾನ್ ಕರೆಂಟಿಂದು, ಬಿಸಿ ಆಯ್ತು ಅಂದ್ರೆ ಹೇಳದೆ ಕೇಳದೆ ತಿರುಗೋಕೆ ಶುರುವಾಗುತ್ತೆ, ಅದೂ ನೆನಪಿರ್ಲಿ.

ಮಾರ್ಕ್ ಚೆನ್ನಾಗಿ ಕಾಣ್ಲಿ ಅಂತ ತುಂಬಾ ಜನ ಚಾಕ್‌ಪೀಸಲ್ಲಿ ದಪ್ಪಗೆ ಎಳೀತಾರೆ. ಅಲ್ಲೇ ತಪ್ಪು. ಪುಲ್ಲಿ ಸುತ್ತಳತೆ 360 ಮಿಲಿಮೀಟರ್ ಇದೆ ಅಂದ್ಕೊಳ್ಳಿ, ಆಗ ಒಂದು ಮಿಲಿಮೀಟರ್ ಅಂದ್ರೆ ಒಂದು ಡಿಗ್ರಿ. ಚಾಕ್ ಗೆರೆ ಆರಾಮಾಗಿ ಮೂರು ಮಿಲಿಮೀಟರ್ ದಪ್ಪ ಬರುತ್ತೆ, ಅಂದ್ರೆ ನಿಮ್ಮ ಮಾರ್ಕೇ ಮೂರು ಡಿಗ್ರಿ ಅಗಲ, ಅದರಲ್ಲಿ ಏನು ಅಳೀತೀರಾ? ಮೊದ್ಲು ವೈರ್ ಬ್ರಶ್ಶಲ್ಲಿ ಉಜ್ಜಿ, ಕೊರೆದಿರೋ ಗೀರಿನ ಒಳಗೆ ಮಾತ್ರ ಬಿಳಿ ಪೇಂಟ್ ತುಂಬಿ, ಮೇಲಿಂದು ಬಟ್ಟೇಲಿ ಒರೆಸಿ ಬಿಡಿ, ಕೂದಲೆಳೆಯಂಥ ಗೆರೆ ಉಳಿಯುತ್ತೆ. ನೋಡೋದೂ ನೇರವಾಗಿ ನೋಡ್ಬೇಕು. ಮಾರ್ಕ್ ಮೇಲೂ ಎಂಜಿನ್ ಮೇಲೆ ಕದಲದೆ ಇರೋ ಪಾಯಿಂಟರ್ ಮೇಲೂ ಕಣ್ಣು ಒಂದೇ ಸಾಲಲ್ಲಿ ಇರ್ಬೇಕು, ಓರೆಯಿಂದ ಬಗ್ಗಿ ನೋಡಿದ್ರೆ ಎರಡು ಮೂರು ಡಿಗ್ರಿ ಸುಮ್ನೆ ಹೋಗುತ್ತೆ, ಬಸ್ಸಲ್ಲಿ ಪಕ್ಕದ ಸೀಟಿಂದ ಡ್ರೈವರ್ ಸ್ಪೀಡೋಮೀಟರ್ ನೋಡ್ದಂಗೆ.

ಮಾರ್ಕ್ ಒಂದೇ ಕಡೆ ಗಟ್ಟಿಯಾಗಿ ನಿಂತ್ರೆ ಒಳ್ಳೇದು. ಕುಣೀತಾ ಇದ್ರೆ, ಅಂದ್ರೆ ಒಂದ್ಸಲ ಇಲ್ಲಿ ಒಂದ್ಸಲ ಅಲ್ಲಿ ಕಾಣ್ತಿದ್ರೆ, ಡಿಸ್ಟ್ರಿಬ್ಯೂಟರ್ ಶಾಫ್ಟ್ ಬುಷ್ ಸವೆದಿರ್ಬಹುದು, ಎಷ್ಟು ಸೆಟ್ ಮಾಡಿದ್ರೂ ಅದು ನಿಲ್ಲಲ್ಲ. ನಿಂತ್ರೆ ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟು ಎರಡೂವರೆ ಮೂರು ಸಾವಿರ ಆರ್‌ಪಿಎಂವರೆಗೆ ಎತ್ತಿ, ಮಾರ್ಕ್ ಅಡ್ವಾನ್ಸ್ ಕಡೆಗೆ ನಯವಾಗಿ ಜಾರ್ಬೇಕು, ಬಿಟ್ಟಾಗ ವಾಪಸ್ ಬರ್ಬೇಕು. ಅಲುಗಾಡ್ಲೇ ಇಲ್ಲ ಅಂದ್ರೆ ಒಳಗಿನ ವೇಟ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ವ್ಯಾಕ್ಯೂಮ್ ಡಯಾಫ್ರಾಮ್ ಚೆಕ್ ಮಾಡೋಕೆ ಪೈಪ್ ತುದಿ ಬಾಯಲ್ಲಿ ಎಳೆದು ನಾಲಗೆ ಅಡ್ಡ ಇಡಿ, ನಾಲಗೆ ಹಿಡ್ಕೊಂಡೇ ಇರ್ಬೇಕು, ಸಡಿಲ ಆದ್ರೆ ಡಯಾಫ್ರಾಮ್ ಹರಿದಿದೆ. ಪೆಟ್ರೋಲ್ ರುಚಿ ಬಂದ್ರೆ ನನ್ನ ಬೈಕೋಬೇಡಿ, ಪೈಪ್ ಮೊದ್ಲು ಒರೆಸ್ಕೊಳ್ಳಿ.

ಇಷ್ಟಾದ್ರೂ ಒಂದು ಪ್ರಶ್ನೆ ಉಳಿಯುತ್ತೆ, ಆ ಮಾರ್ಕ್ ನಂಬೋದು ಹೇಗೆ? ಇದನ್ನ ಮಾತ್ರ ಯಾರೂ ಕೇಳಲ್ಲ. ಸುಮಾರು ಗಾಡಿಗಳ ಕ್ರ್ಯಾಂಕ್ ಪುಲ್ಲಿ ಒಂದೇ ತುಂಡಲ್ಲ, ಒಳಗೊಂದು ಹಬ್ (ನಡುವಿನ ಗಟ್ಟಿ ಭಾಗ), ಹೊರಗೊಂದು ರಿಂಗ್, ಎರಡರ ನಡುವೆ ರಬ್ಬರ್. ರಬ್ಬರ್ ಹಳೇದಾಗಿ ಬಿಟ್ಕೊಂಡ್ರೆ ಹೊರಗಿನ ರಿಂಗ್ ಜಾರುತ್ತೆ, ಮಾರ್ಕ್ ಇರೋದು ಅದರ ಮೇಲೆ. ಕ್ರ್ಯಾಂಕ್ ಸ್ಪ್ರಾಕೆಟ್‌ನ ಕೀ ಸವೆದಿದ್ರೂ ಹಂಗೇ. ಆಗ ಲೈಟು ಸರಿ ಹೇಳುತ್ತೆ, ಮಾರ್ಕ್ ಸುಳ್ಳು ಹೇಳುತ್ತೆ.

ಅದಕ್ಕೆ ಪಿಸ್ಟನ್ ನಿಜವಾಗಿ ತುದಿ ಮುಟ್ಟೋ ಜಾಗ, ಟಿಡಿಸಿ ಅಂತೀವಲ್ಲ, ಅದನ್ನ ಬೇರೆಯಾಗಿ ಕಂಡುಹಿಡೀಬೇಕು. ಪ್ಲಗ್ ತೂತಲ್ಲಿ ಸ್ಕ್ರೂಡ್ರೈವರೋ ಸ್ಟ್ರಾನೋ ಇಳಿಬಿಟ್ಟು ಮೇಲೆ ಬಂದು ನಿಂತಾಗ ಟಿಡಿಸಿ ಅನ್ನೋದು ಎಲ್ಲರೂ ಮಾಡೋ ಕೆಲಸ, ಸುಮಾರಾಗಿ ಗೊತ್ತಾಗೋಕೆ ಸಾಕು, ಅಳತೆಗೆ ಸಾಲಲ್ಲ. ನಿಮ್ಮ ಎಂಜಿನ್ 796 ಸಿಸಿ, ಬೋರ್ (ಸಿಲಿಂಡರ್ ಅಗಲ) 68.5, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 72 ಮಿಲಿಮೀಟರ್. ಲೆಕ್ಕ ಹಾಕಿದ್ರೆ ಟಿಡಿಸಿಯಿಂದ ಕ್ರ್ಯಾಂಕ್ 5 ಡಿಗ್ರಿ ಈಚೆ ಬಂದ್ರೂ ಪಿಸ್ಟನ್ ಇಳಿಯೋದು ಮಿಲಿಮೀಟರಿನ ಐದನೇ ಒಂದು ಭಾಗ ಅಷ್ಟೇ. ಅದನ್ನ ಸ್ಟ್ರಾ ಮೇಲಿಟ್ಟ ಬೆರಳು ಹೇಳುತ್ತಾ? ಮೇಲೆ ಹೋಗಿ ಪಿಸ್ಟನ್ ನಿಂತಂಗೇ ಇರುತ್ತೆ, ಕ್ರ್ಯಾಂಕ್ ಮಾತ್ರ ತಿರುಗ್ತಾ ಇರುತ್ತೆ.

ಸರಿಯಾದ ದಾರಿ ಇದು. ಹಳೇ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು ಅದರೊಳಗೆ ತುದಿ ದುಂಡಗೆ ಉಜ್ಜಿದ ಬೋಲ್ಟ್ ಕೂರಿಸಿ ಬಿಗಿ ಮಾಡಿದ್ರೆ ಪಿಸ್ಟನ್ ತಡೆಯೋ ಸ್ಟಾಪರ್ ಆಯ್ತು. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಪ್ಲಗ್ ಮೂರೂ ತೆಗೀರಿ, ಪಿಸ್ಟನ್ ಕೆಳಗಿರುವಾಗ ಸ್ಟಾಪರ್ ಒಂದನೇ ಸಿಲಿಂಡರ್‌ಗೆ ಹಾಕಿ, ಕ್ರ್ಯಾಂಕ್ ಬೋಲ್ಟ್‌ಗೆ ಸಾಕೆಟ್ ಕೊಟ್ಟು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ತಗುಲಿತು ಅಂದ ಕಡೆ ಪಾಯಿಂಟರ್ ನೇರಕ್ಕೆ ಪುಲ್ಲಿ ಮೇಲೆ ಸಣ್ಣ ಗೆರೆ. ಆಮೇಲೆ ಉಲ್ಟಾ ಕಡೆ ತಿರುಗಿಸಿ ತಗುಲಿದ ಕಡೆ ಇನ್ನೊಂದು ಗೆರೆ. ಎರಡು ಗೆರೆ ನಡುವೆ ಕಾಗದದ ಪಟ್ಟಿ ಸುತ್ತಿ ಅಳೆದು ಸರೀ ಅರ್ಧಕ್ಕೆ ಮಡಚಿದ್ರೆ ಬರೋ ಮಧ್ಯದ ಜಾಗ ನಿಜವಾದ ಟಿಡಿಸಿ. ಕಂಪನಿ ಮಾರ್ಕ್ ಅಲ್ಲೇ ಇದ್ರೆ ನಿಮ್ಮ ಪುಲ್ಲಿ ಪ್ರಾಮಾಣಿಕ. ಸ್ಟಾಪರ್ ಹಾಕಿರುವಾಗ ಸ್ಟಾರ್ಟರ್ ಮುಟ್ಟೋ ಹಾಗೇ ಇಲ್ಲ, ಪಿಸ್ಟನ್ ಅಲ್ಯೂಮಿನಿಯಂದು, ತೂತು ಬೀಳುತ್ತೆ.

ಇನ್ನು ಬೆಲ್ಟ್. ಕವರ್ ಬಿಚ್ಚಿ, ಕ್ರ್ಯಾಂಕ್‌ನ ಮಾರ್ಕ್ ಅದರ ಜಾಗಕ್ಕೆ ತಂದು ಕ್ಯಾಮ್ ಮಾರ್ಕ್ ಎಲ್ಲಿದೆ ನೋಡಿ. ಕ್ಯಾಮ್ ಮಾರ್ಕ್ ಅರ್ಧ ಸುತ್ತು ದೂರ ಕಂಡ್ರೆ ಗಾಬರಿ ಬೇಡ, ಕ್ರ್ಯಾಂಕ್ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಬರುತ್ತೆ. ಬೆಲ್ಟ್ ನೋಡುವಾಗ ತಿರುಗಿಸೋದು ಯಾವಾಗ್ಲೂ ಕ್ರ್ಯಾಂಕ್ ಬೋಲ್ಟಿಂದ, ಎಂಜಿನ್ ಓಡೋ ದಿಕ್ಕಿಗೆ, ಕ್ಯಾಮ್ ಬೋಲ್ಟ್ ಹಿಡಿದು ತಿರುಗಿಸ್ಬೇಡಿ. ಬೆಲ್ಟ್ ಮೇಲೆ ಬಿಳಿ ಹಳದಿ ಗೆರೆ ಪ್ರಿಂಟ್ ಆಗಿರೋದಿದ್ರೆ ಅದು ಹಾಕುವಾಗ ಕೂರಿಸೋಕೆ ಮಾತ್ರ. ಎರಡು ಸುತ್ತು ತಿರುಗಿಸಿದ್ರೆ ಸ್ಪ್ರಾಕೆಟ್ ಮಾರ್ಕ್‌ಗಳು ವಾಪಸ್ ಬರ್ತಾವೆ, ಬೆಲ್ಟ್ ಗೆರೆ ಮಾತ್ರ ಎಲ್ಲೋ ಹೋಗಿರುತ್ತೆ, ಬೆಲ್ಟ್‌ನ ಹಲ್ಲಿನ ಲೆಕ್ಕವೇ ಬೇರೆ. ಇದು ಗೊತ್ತಿಲ್ದೆ ಸರಿ ಇದ್ದ ಬೆಲ್ಟ್ ಬಿಚ್ಚಿ ತಪ್ಪು ಮಾಡಿದೋರನ್ನ ನೋಡಿದೀನಿ.

ಒಂದು ಹಲ್ಲು ಹೇಗೆ ತಪ್ಪುತ್ತೆ ಅಂತ ನಾನೇ ಅನುಭವಿಸಿದ್ದು ಹೇಳ್ತೀನಿ. ಕಲಿಯುವಾಗ ಒಂದು ನಾಲ್ಕು ಸಿಲಿಂಡರ್ ಗಾಡಿಗೆ ಬೆಲ್ಟ್ ಹಾಕಿದ್ದೆ, ಮಾರ್ಕ್ ಎರಡೂ ಸೂಜಿ ಇಟ್ಟಂಗೆ ಕೂತಿತ್ತು, ಖುಷೀಲಿ ಟೆನ್ಷನರ್ (ಬೆಲ್ಟ್ ಬಿಗಿ ಹಿಡಿಯೋ ರಾಟೆ) ಬಿಗಿ ಮಾಡಿ ಕವರ್ ಹಾಕಿದೆ. ಬೆಲ್ಟ್‌ನ ಸಡಿಲ ಟೆನ್ಷನರ್ ಕಡೆ ಬರ್ದೆ ಇನ್ನೊಂದು ಕಡೆ ಉಳಿದುಬಿಟ್ಟಿತ್ತು, ಎಂಜಿನ್ ತಿರುಗಿದ ಕೂಡ್ಲೇ ಆ ಸಡಿಲ ಎಳ್ಕೊಂಡು ಕ್ಯಾಮ್ ಹಿಂದೆ ಉಳೀತು. ಗಾಡಿ ಸ್ಟಾರ್ಟ್ ಆಯ್ತು, ಐಡ್ಲಿಂಗೂ ನಿಂತ್ಕೊಂಡ್ತು, ಲೋಡ್ ಬಿದ್ರೆ ಮಾತ್ರ ಉಸಿರು ಕಟ್ಟಿದಂಗೆ. ಎರಡು ದಿನ ಕಾರ್ಬುರೇಟರ್ ಬಿಚ್ಚಿ ಬಿಚ್ಚಿ ತೊಳೆದೆ. ನಮ್ಮ ಮೇಸ್ತ್ರಿ ಬಂದು ಕವರ್ ತೆಗೆಸಿ, ಕ್ರ್ಯಾಂಕ್ ಕೈಯಲ್ಲಿ ಎರಡು ಸುತ್ತು ತಿರುಗಿಸು ಅಂದ್ರು, ತಿರುಗಿಸಿದೆ, ಮಾರ್ಕ್ ಒಂದು ಹಲ್ಲು ಆಚೆ ನಿಂತು ನನ್ನ ಮುಖ ನೋಡ್ತಾ ಇತ್ತು. ಬೈದ್ರಾ ಅಂತ ಕೇಳ್ಬೇಡಿ. "ಮಾರ್ಕ್ ಸರಿ ಇತ್ತು" ಅಂತ ನಿಮ್ಮ ಮೆಕ್ಯಾನಿಕ್ ಹೇಳ್ತಿರೋದು ಸುಳ್ಳು ಅಂತ ನಾನು ಅನ್ನಲ್ಲ, ಹಾಕುವಾಗ ಸರಿಯೇ ಇದ್ದಿರ್ಬಹುದು. ಎರಡು ಸುತ್ತು ಆದ್ಮೇಲೆ ನೋಡಿದ್ರಾ ಅಂತ ಕೇಳಿ. ತಿರುಗಿಸುವಾಗ ಎಲ್ಲಾದ್ರೂ ಗಟ್ಟಿಯಾಗಿ ಅಡ್ಡ ಸಿಕ್ಕಿದ್ರೆ ಬಲ ಹಾಕ್ಬಾರ್ದು, ವಾಲ್ವ್ ಪಿಸ್ಟನ್‌ಗೆ ತಗುಲ್ತಿರ್ಬಹುದು.

ಕವರ್ ಬಿಚ್ಚೋಕೆ ಮನಸ್ಸಿಲ್ಲ ಅಂದ್ರೆ ಹೊರಗಿಂದ ಎರಡು ಗೇಜ್ ಸುಳಿವು ಕೊಡ್ತಾವೆ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು): ಮೂರೂ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲ್ ಕನೆಕ್ಷನ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ಹೊಡೀರಿ. ಕ್ಯಾಮ್ ಲೇಟಾಗಿದ್ರೆ ಇನ್‌ಟೇಕ್ ವಾಲ್ವ್ ಲೇಟಾಗಿ ಮುಚ್ಚುತ್ತೆ, ಒಳಗೆ ಬಂದ ಗಾಳಿ ಒಂದಷ್ಟು ವಾಪಸ್ ಹೋಗುತ್ತೆ, ಮೂರೂ ಸಿಲಿಂಡರ್ ಒಂದೇ ಸಮ ಕಮ್ಮಿ ತೋರಿಸ್ತಾವೆ. ಒಂದೇ ಸಿಲಿಂಡರ್ ಕಮ್ಮಿ ಅಂದ್ರೆ ಅದು ಬೆಲ್ಟ್ ಕಥೆ ಅಲ್ಲ. ಮೂರೂ ಸಿಲಿಂಡರ್‌ನ ಪಿಸ್ಟನ್ ರಿಂಗ್ ಸವೆದಿದ್ರೂ ಒಂದೇ ಸಮ ಕಮ್ಮಿ ಬರ್ಬಹುದು, ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಂದು ಸಲ ನೋಡಿ, ನಂಬರ್ ಜಿಗಿದ್ರೆ ರಿಂಗ್, ಹೆಚ್ಚೇನೂ ಏರ್ಲಿಲ್ಲ ಅಂದ್ರೆ ಟೈಮಿಂಗ್ ಕಡೆ ಅನುಮಾನ.

ಇನ್ನೊಂದು ವ್ಯಾಕ್ಯೂಮ್ ಗೇಜ್, ಎಂಜಿನ್ ಗಾಳಿ ಎಳೆಯೋ ಬಲ ಅಳೆಯೋದು. ಪುಸ್ತಕದಲ್ಲಿ ಐಡ್ಲಿಂಗಲ್ಲಿ 17ರಿಂದ 22 ಇಂಚು (ಪಾದರಸದ ಲೆಕ್ಕ) ಅಂತ ಇರುತ್ತೆ, ಅದು ಸಮುದ್ರ ಮಟ್ಟದ ಲೆಕ್ಕ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೀಬೇಕು. ಹಾಸನ ಸುಮಾರು 3000 ಅಡಿ ಮೇಲಿದೆ, ಹಂಗಾಗಿ ನಿಮಗೆ 14ರಿಂದ 19 ಬಂದ್ರೆ ಸರಿ. 15 ಬಂತು ಅಂತ ನೀವು ಹೆದರ್ಬೇಕಿಲ್ಲ, ಅದೇ 15 ಮಂಗಳೂರಲ್ಲಿ ಬಂದ್ರೆ ಯೋಚ್ನೆ ಮಾಡ್ಬೇಕು. ಮುಳ್ಳು ಸ್ಥಿರವಾಗಿದ್ದು ಇದಕ್ಕಿಂತ ಕೆಳಗೇ ಕೂತಿದ್ರೆ ಟೈಮಿಂಗ್ ಲೇಟು ಅನ್ನೋದರ ಗುರುತು, ಮೂರು ಸಿಲಿಂಡರ್ ಆದ್ರಿಂದ ಸ್ವಲ್ಪ ನಡುಗೋದು ಮಾಮೂಲಿ. ಕಂಪ್ರೆಷನ್‌ಗೂ ಇದೇ ಮಾತು, ಮಂಗಳೂರಲ್ಲಿ 170 ಪಿಎಸ್‌ಐ ತೋರಿಸೋ ಎಂಜಿನ್ ನಿಮ್ಮೂರಲ್ಲಿ 150ರ ಆಸುಪಾಸು ತೋರಿಸುತ್ತೆ, ಗಾಳಿಯೇ ತೆಳು ಇರುವಾಗ ಅದೇನು ಮಾಡುತ್ತೆ.

ಇದನ್ನೆಲ್ಲ ಓದಿ ಎಂಪಿಎಫ್‌ಐ ಗಾಡಿ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರೋದು) ಇರೋರು ಟೈಮಿಂಗ್ ಲೈಟ್ ತರೋಕೆ ಹೋಗ್ಬೇಡಿ. ಡಿಸ್ಟ್ರಿಬ್ಯೂಟರ್ ಇಲ್ಲದ ಗಾಡಿಗಳಲ್ಲಿ ಕಿಡಿ ಲೆಕ್ಕ ಇಸಿಯು (ಎಂಜಿನ್ ಕಂಪ್ಯೂಟರ್) ಕ್ಷಣಕ್ಷಣಕ್ಕೂ ಬದಲಾಯಿಸ್ತಾ ಇರುತ್ತೆ, ತಿರುಗಿಸೋಕೆ ಏನೂ ಇಲ್ಲ. ಅಲ್ಲಿ ಸ್ಕ್ಯಾನರ್ ಹಾಕಿ ಪಿ0016 ಕೋಡ್ ಬಂದಿದೆಯಾ ನೋಡಿ, ಕ್ರ್ಯಾಂಕ್ ಸೆನ್ಸರ್ ಹೇಳೋದಕ್ಕೂ ಕ್ಯಾಮ್ ಸೆನ್ಸರ್ ಹೇಳೋದಕ್ಕೂ ತಾಳೆ ಆಗ್ತಿಲ್ಲ ಅಂತ ಅದರ ಅರ್ಥ, ಬೆಲ್ಟೋ ಚೈನೋ ಹಲ್ಲು ತಪ್ಪಿದ್ರೆ ಸಾಮಾನ್ಯವಾಗಿ ಇದೇ ಬರೋದು. ಕೋಡ್ ಬಂತು ಅಂತ ಸೆನ್ಸರ್ ಬದಲಾಯಿಸಿ ದುಡ್ಡು ಕಳ್ಕೊಂಡೋರು ಬೇಕಾದಷ್ಟು ಜನ. ಸ್ವಿಫ್ಟ್ ಡೀಸೆಲ್‌ನಲ್ಲಿದ್ದ ಫಿಯಟ್ 1.3 ಮಲ್ಟಿಜೆಟ್ ಥರದ ಎಂಜಿನ್‌ಗಳಿಗೆ ಲಾಕಿಂಗ್ ಪಿನ್ ಹಾಕಿಯೇ ಚೈನ್ ಕೂರಿಸ್ಬೇಕು, ಆ ಟೂಲ್ ಇಲ್ಲದ ಕಡೆ ಬಿಚ್ಚಿಸ್ಲೇಬೇಡಿ.

ನಿಮ್ಮ ಗಾಡಿಗೆ ವಾಪಸ್ ಬರ್ತೀನಿ. ಬೆಲ್ಟ್ ಒಂದು ಹಲ್ಲು ತಪ್ಪಿರೋದು ಖಾತ್ರಿ ಆದ್ರೆ ಅದೇ ಮೆಕ್ಯಾನಿಕ್ ಹತ್ರ ಹೋಗಿ, ಜಗಳ ಬೇಡ, ಕವರ್ ತೆಗೆದು ನಿಮ್ಮ ಮುಂದೇನೇ ಎರಡು ಸುತ್ತು ತಿರುಗಿಸಿ ತೋರಿಸಿ ಅನ್ನಿ, ಮಾರ್ಕ್ ನೋಡಿದ್ರೆ ಅವರಿಗೇ ಗೊತ್ತಾಗುತ್ತೆ. ಬೆಲ್ಟ್ ಮೇಲೆ ಎಣ್ಣೆ ಬಿದ್ದಿಲ್ಲ ಅಂದ್ರೆ ಎರಡು ತಿಂಗ್ಳ ಬೆಲ್ಟ್ ಮತ್ತೆ ಹಾಕ್ಬಹುದು, ಮುಂಚೆ ತಿರುಗ್ತಿದ್ದ ದಿಕ್ಕಲ್ಲೇ ಹಾಕ್ಲಿ, ಬಿಚ್ಚೋಕೆ ಮುಂಚೆ ಮೇಲೊಂದು ಬಾಣ ಬರೆಸಿ. ಆಮೇಲೆ ಸ್ಟಾರ್ಟ್ ಮಾಡೋಕೆ ಮುಂಚೆ ಆ ಮೊದಲಿನ ಫೋಟೋ ತೆಗೆದು ನೋಡಿ, ಡಿಸ್ಟ್ರಿಬ್ಯೂಟರ್‌ನ ಹಳೇ ವಾಷರ್ ಗುರುತಿಗೆ ವಾಪಸ್ ತರ್ಬೇಕು. ಇದನ್ನ ಮರೆತು ಚಾವಿ ತಿರುಗಿಸಿದ್ರೆ ಬೆಲ್ಟ್ ಸರಿ ಆಗಿದ್ರೂ ಕಿಡಿ 18 ಡಿಗ್ರಿ ಮುಂದೆ ಹೋಗಿರುತ್ತೆ, ಸ್ಟಾರ್ಟರ್ ಗಕ್ಕ ಗಕ್ಕ ಅಂತ ತಡೆದು ನಿಲ್ಲುತ್ತೆ, ಸ್ಟಾರ್ಟ್ ಆದ್ರೂ ಘಾಟಲ್ಲಿ ಡಬ್ಬದಲ್ಲಿ ಕಲ್ಲು ಕುಲುಕಿದಂಗೆ ನಾಕಿಂಗ್ ಹೊಡಿಯುತ್ತೆ. ಹಳೇ ಗುರುತಿಗೆ ತಂದು, ಸ್ಟಾರ್ಟ್ ಮಾಡಿ, ಬಿಸಿ ಆದ್ಮೇಲೆ ಲೈಟ್ ಹಿಡಿದು ನೋಡಿ ಬೋಲ್ಟ್ ಬಿಗಿ ಮಾಡ್ಸಿ.